ಅಪ್ಪನ ಹೆಸರಿನ ಕಲ್ಲು

ಜನವರಿ 9

ಬಾಲಂಗೋಚಿಗೆ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಜಗಳ.

ಇವತ್ತು ಬೆಳಿಗ್ಗೆ ಪ್ರೆಸ್ಸಿಗೆ ಹೋಗಿ, ಕನ್ನಡಕ ಒರೆಸಿಕೊಂಡು, ಎಂದಿನಂತೆ ಕರಡು ತಿದ್ದಲು ಕೂತೆ. ಮಾಜಿ ಸೈನಿಕರ ಸಂಘದ ಸ್ಮರಣ ಸಂಚಿಕೆ ಬಂದಿತ್ತು. ಶುಭಾಶಯ, ಜಾಹೀರಾತು, ಅಧ್ಯಕ್ಷರ ಎರಡು ಮಾತು ಎಲ್ಲ ಮುಗಿಸಿ ಪುಟ ತಿರುಗಿಸಿದರೆ ಅಪ್ಪನ ಮುಖ! ಕೆಳಗೆ ನಿನ್ನ ಹೆಸರು. 'ಕೈಯಲ್ಲಿ ಬಂದೂಕು, ಎದೆಯಲ್ಲಿ ಕೆಂಡ. ಆ ಸೇತುವೆಯ ಮೇಲೆ ನಮ್ಮ ತಂದೆಯವರು ಒಂಟಿಯಾಗಿ ನಿಂತು ವೈರಿ ಪಡೆಯನ್ನು ತಡೆದರು.' ಪಕ್ಕದ ಪುಟದಲ್ಲಿ, ಮಾರ್ಚ್ ಮೂರರಂದು ನಮ್ಮ ಬೀದಿಯ ತಿರುವಿನಲ್ಲಿ ಅಪ್ಪನ ಹೆಸರಿನ ಕಲ್ಲು ಅನಾವರಣ ಎಂಬ ಪ್ರಕಟಣೆ. ಪರದೆ ಎಳೆಯುವವನು ನೀನು.

ಅಪ್ಪ ಹೋಗಿ ಇನ್ನೂ ವರ್ಷ ತುಂಬಿಲ್ಲ. ಅವನ ಜೊತೆ ಒಂದೇ ಮನೆಯಲ್ಲಿ ಕೊನೆಯವರೆಗೆ ಇದ್ದವಳು ನಾನು. ನನ್ನನ್ನು ಒಂದು ಮಾತು ಕೇಳಬೇಕು ಅಂತ ನಿನಗೂ ಅನ್ನಿಸಲಿಲ್ಲ, ಆ ಸಂಘದವರಿಗೂ ಅನ್ನಿಸಲಿಲ್ಲ. ಪರರ ಮನೆಯ ಸುದ್ದಿ ಓದುವ ಹಾಗೆ ನನ್ನ ಮನೆಯ ಸುದ್ದಿಯನ್ನು ನಾನು ಕರಡಿನಲ್ಲಿ ಓದಬೇಕಾಯಿತು.

ನಿನ್ನ ಬರಹದಲ್ಲಿ ಕಾಗುಣಿತ ಸರಿಯಾಗಿದೆ. ಮಿಕ್ಕದ್ದೆಲ್ಲ ತಪ್ಪು. ಆ ಪುಟವನ್ನು ನಾನು ತಡೆದಿಟ್ಟಿದ್ದೇನೆ. ಬರಹವನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದು ಸಂಘಕ್ಕೆ ನೀನೇ ತಿಳಿಸು.

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಏನಾದರೊಂದು ಹೇಳಿ ನಗಿಸಿಬಿಡುತ್ತೀಯ. ಈ ಸಲ ನನಗೆ ನಗು ಬೇಕಾಗಿಲ್ಲ. ಕಾಗದ ಬರೆ.

ನಿನ್ನ ಅಕ್ಕ


ಜನವರಿ 16

ಮೇಜರ್ ಸಾಹೇಬರ ಸನ್ನಿಧಿಗೆ,

ಸೆಲ್ಯೂಟ್. ಬಾಲಂಗೋಚಿ ಬೈಗುಳ ತಿಂದು ಹೊಟ್ಟೆ ತುಂಬಿಸಿಕೊಂಡಿದ್ದಾನೆ. ಇಲ್ಲಿ ಬಂದರಿನಲ್ಲಿ ಗಾಳಿ ಜೋರು, ಕ್ರೇನ್ ನಿಲ್ಲಿಸಿದ್ದಾರೆ. ಅದಕ್ಕೇ ಬರೆಯಲು ಪುರುಸೊತ್ತು.

ಅಕ್ಕಾ, ನಿನ್ನನ್ನು ಕೇಳಲಿಲ್ಲ, ನಿಜ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಅಪ್ಪನ ಯುದ್ಧದ ಮಾತು ಬಂದರೆ ಸಾಕು, ನೀನು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದೆ. ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

ಆದರೆ ತಪ್ಪು ಎಂದೆಯಲ್ಲ, ಅದು ಚುಚ್ಚಿತು. ನಾನೇನು ಕಟ್ಟಿ ಬರೆದೆನೇ? ಅಪ್ಪನೇ ಹೇಳಿದ್ದು. ಶಾಲೆಯಲ್ಲಿ ಆ ದಪ್ಪ ಕನ್ನಡಕದವನು ನನ್ನನ್ನು ಕೆಡವಿ, 'ನಿಮ್ಮಪ್ಪ ಸೈನಿಕನೇ ಅಲ್ಲ ಕಣೋ, ಬರೀ ಲಾರಿ ಡ್ರೈವರ್' ಎಂದಿದ್ದ. ಅಳುತ್ತಾ ಮನೆಗೆ ಬಂದೆ. ಅಪ್ಪ ಅಂಚೆ ಕಚೇರಿಯಿಂದ ಆಗಷ್ಟೇ ನಡೆದು ಬಂದು ಬೂಟು ಬಿಚ್ಚುತ್ತಿದ್ದ. ನನ್ನ ಮೂಗಿನ ರಕ್ತ ಒರೆಸಿ ತೊಡೆಯ ಮೇಲೆ ಕೂರಿಸಿಕೊಂಡು, 'ಬಾ, ಒಂದು ಸೇತುವೆಯ ಕಥೆ ಹೇಳ್ತೀನಿ' ಅಂದ. ಆಮೇಲೆ ಎಷ್ಟು ಸಲ ಕೇಳಿದರೂ ಹೇಳಿದ. ಹೇಳುವಾಗ ಬಾಯಲ್ಲಿ ಬಂದೂಕಿನ ಸದ್ದು ಮಾಡುತ್ತಿದ್ದ. ನೀನು ಒಳಗೆ ಪಾತ್ರೆ ತೊಳೆಯುತ್ತಿದ್ದೆ.

ಒಂದು ಮಾತು ಹೇಳುತ್ತೇನೆ, ಸಿಟ್ಟು ಮಾಡಬೇಡ. ನಿನಗೆ ಹೊಟ್ಟೆಕಿಚ್ಚು. ಅಪ್ಪ ಮನೆಯಲ್ಲಿ ನಿನ್ನ ಜೊತೆ ಇದ್ದ, ಕಥೆಯನ್ನು ಮಾತ್ರ ನನಗೆ ಕೊಟ್ಟ. ಅದೊಂದಾದರೂ ನನ್ನ ಪಾಲಿಗೆ ಇರಲಿ ಬಿಡು.

ನಿನ್ನ ತಮ್ಮ


ಜನವರಿ 22

ಹೊಟ್ಟೆಕಿಚ್ಚೇ? ಆಗಲಿ. ಆ ಮಾತನ್ನು ಜೋಪಾನವಾಗಿ ಇಟ್ಟುಕೊಂಡಿರು.

ನಿನ್ನೆ ಸಂಘದ ಅಧ್ಯಕ್ಷರು ಪ್ರೆಸ್ಸಿಗೇ ಬಂದರು. ಇಸ್ತ್ರಿ ಮಾಡಿದ ಕೋಟು, ಎದೆಯ ಮೇಲೆ ಬಿಲ್ಲೆ. ಯುದ್ಧದ ಕಾಲದಲ್ಲಿ ದೂರದ ಕಚೇರಿಯಲ್ಲಿ ಕಂಬಳಿಗಳ ಲೆಕ್ಕ ಬರೆಯುತ್ತಿದ್ದವರು ಇವರು. ಅಚ್ಚುಯಂತ್ರದ ಸದ್ದಿನ ಮೇಲೆ ಅವರು ಕೂಗಿ ಮಾತಾಡಬೇಕು, ನಾನು ಕೂಗಿ ಉತ್ತರ ಕೊಡಬೇಕು. ಇಡೀ ಪ್ರೆಸ್ಸೇ ಕೆಲಸ ಬಿಟ್ಟು ನೋಡಿತು.

"ಏನಮ್ಮಾ, ಪುಟ ತಡೆದಿದ್ದೀರಂತೆ?"

"ಹೌದು. ಅದರಲ್ಲಿರೋದು ನಡೆದದ್ದಲ್ಲ."

"ಹಾಗಾದ್ರೆ ಏನು ನಡೀತು, ಹೇಳಿ. ತಿದ್ದಿಸೋಣ."

ನಾನು ಬೇರೆ ಕರಡು ಎಳೆದುಕೊಂಡೆ. ಅವರು ನಕ್ಕರು. "ಸತ್ತವರನ್ನ ನಾಲ್ಕು ಜನ ಹೊಗಳಿದ್ರೆ ನಿಮಗೇನಮ್ಮಾ ಕಷ್ಟ? ಹೆಣ್ಣುಮಕ್ಕಳಿಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ" ಎಂದು ನನ್ನ ಮೇಜಿನ ಮೇಲಿದ್ದ ಅಪ್ಪನ ಚಿತ್ರದ ಮೇಲೆ ಬೆರಳಿನಿಂದ ಕುಟ್ಟಿದರು. ಆ ಬೆರಳನ್ನು ಕಾಗದ ಕತ್ತರಿಸುವ ಯಂತ್ರಕ್ಕೆ ಕೊಡಬೇಕು ಅನ್ನಿಸಿತು.

ಪ್ರೆಸ್ಸಿನ ಯಜಮಾನರು ಇನ್ನೂ ಎರಡೂ ಕಡೆ ತಲೆ ಆಡಿಸುತ್ತಿದ್ದಾರೆ. ನೀನು ಒಂದು ಸಲ ಇಲ್ಲಿಗೆ ಬಾ. ಬರೆಯುವ ಮಾತಲ್ಲ ಅದು. ಎದುರಿಗೆ ಕೂತು ಹೇಳುತ್ತೇನೆ.

ಅಕ್ಕ


ಜನವರಿ 30

ಅಕ್ಕಾ,

ಬರುತ್ತೇನೆ. ಮಾರ್ಚ್ ಮೂರಕ್ಕೇ ಬರುತ್ತೇನೆ. ಸಂಘದವರು ಉಳಿಯಲು ಕೋಣೆ ಕೊಡುತ್ತಾರಂತೆ. ನಿನಗೆ ತೊಂದರೆ ಬೇಡ.

ನೀನು ಎದುರಿಗೆ ಕೂರಿಸಿ ಏನು ಹೇಳುತ್ತೀಯ ಎಂದು ನನಗೆ ಗೊತ್ತು. 'ಅಪ್ಪನಿಗೆ ನಿನ್ನ ಮೇಲೆ ಅಭಿಮಾನ ಇರಲಿಲ್ಲ, ಅವನ ಹೆಸರಿನ ಪಕ್ಕ ನಿಲ್ಲುವ ಯೋಗ್ಯತೆ ನಿನಗಿಲ್ಲ.' ನನಗೆ ಇದು ಹೊಸ ಸುದ್ದಿಯಲ್ಲ.

ಅಪ್ಪ ಒಮ್ಮೆ ಇಲ್ಲಿಗೆ ಬಂದಿದ್ದನಲ್ಲ, ನೆನಪಿದೆಯಾ? ಕ್ರೇನ್ ಕೆಲಸ ಕಾಯಂ ಆದ ಮೇಲೆ ಹಠ ಮಾಡಿ ನಾನೇ ಕರೆಸಿಕೊಂಡಿದ್ದೆ. ಒಂದು ವಾರ ಇರುತ್ತೇನೆ ಎಂದು ಬಂದವನು. ಮೊದಲ ದಿನವೇ ಹಡಗುಕಟ್ಟೆಗೆ ಕರೆದುಕೊಂಡು ಹೋಗಿ, ಹಳದಿ ಗೆರೆಯ ಆಚೆ ನಿಲ್ಲಿಸಿ, ಏಣಿ ಹತ್ತಿ ಕ್ಯಾಬಿನ್ನಿಗೆ ಹೋದೆ. ದೊಡ್ಡ ಪೆಟ್ಟಿಗೆಯೊಂದನ್ನು ಎತ್ತಿ, ಕೆಳಗಿನವರ ತಲೆಯ ಮೇಲಿಂದ ತಿರುಗಿಸಿ, ಸದ್ದಾಗದ ಹಾಗೆ ಇಳಿಸಿದೆ. ಮಗು ಮಲಗಿಸಿದ ಹಾಗೆ ಇಳಿಸಿದೆ ಅಕ್ಕಾ. ಕೆಳಗೆ ನೋಡಿದರೆ ಅಪ್ಪನ ಮುಖ ಸುಣ್ಣ. ನಾನು ಇಳಿದು ಬರುವಷ್ಟರಲ್ಲಿ ಗೇಟಿನ ಹತ್ತಿರ ಹೋಗಿಬಿಟ್ಟಿದ್ದ. 'ಇದು ಬಿಟ್ಟು ಬೇರೆ ಕೆಲಸ ಸಿಗಲ್ವೇನೋ?' ಅಂತ ಅಷ್ಟೇ ಕೇಳಿದ. ಮರುದಿನ ರೈಲು ಹತ್ತಿ ಹೊರಟುಹೋದ.

ಸೇತುವೆ ಕಾದವನ ಮಗ ಎಣ್ಣೆ ಬಟ್ಟೆಯ ಯಂತ್ರದಾಳು. ನಾಚಿಕೆಯಾಗಿರಬೇಕು. ಆಮೇಲೆ ಅವನು ಸಾಯುವವರೆಗೂ ನನ್ನ ಕೆಲಸದ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಆ ಕಲ್ಲಿನ ಪಕ್ಕ ಒಂದು ಸಲ ನಿಂತುಕೊಳ್ಳುತ್ತೇನೆ. ಅಡ್ಡ ಬರಬೇಡ.

ತಮ್ಮ


ಫೆಬ್ರವರಿ 4

ಪೆದ್ದಾ,

ನಿನ್ನ ಕಾಗದ ಓದಿ ಪ್ರೆಸ್ಸಿಗೆ ರಜೆ ಹಾಕಿದೆ. ಬರೆಯುವ ಮಾತಲ್ಲ ಎಂದಿದ್ದೆ. ಈಗ ಬರೆಯದೆ ಬೇರೆ ದಾರಿಯಿಲ್ಲ.

ಅಪ್ಪ ಲಾರಿ ಡ್ರೈವರ್ ಆಗಿದ್ದ. ಆ ದಪ್ಪ ಕನ್ನಡಕದವನು ಹೇಳಿದ್ದು ನಿಜ. ಮುಂದಿನ ಸಾಲಿಗೆ ಮದ್ದುಗುಂಡು ಸಾಗಿಸುವ ಲಾರಿ. ಸೇತುವೆ ಇದ್ದದ್ದೂ ನಿಜ. ಆವತ್ತು ಅದರ ಮೇಲೆ ವೈರಿಗಳಿರಲಿಲ್ಲ. ಊರು ಬಿಟ್ಟು ಓಡಿಬರುತ್ತಿದ್ದ ಜನ ಇದ್ದರು. ನಮ್ಮದೇ ಜನ. ಗಂಟುಮೂಟೆ, ಕೈಗಾಡಿ, ಮುದುಕರು, ಮಕ್ಕಳು. ಮೇಲೆ ವಿಮಾನದ ಸದ್ದು. ಅಪ್ಪನ ಹಿಂದೆ ಲಾರಿಗಳ ಸಾಲು. ಅಧಿಕಾರಿಯೊಬ್ಬ ಅಪ್ಪನ ಪಕ್ಕ ಹತ್ತಿ ಕೂತು, 'ನಿಲ್ಲಿಸಬೇಡ, ನೀನು ನಿಂತ್ರೆ ಎಲ್ಲಾ ನಿಲ್ತಾವೆ' ಅಂದ. ಅಪ್ಪ ಹಾರ್ನ್ ಒತ್ತಿ ಹಿಡಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ 'ದಾರಿ ಬಿಡಿ, ದಾರಿ ಬಿಡಿ' ಎಂದು ಕೂಗಿದ. ಅವರು ಎಲ್ಲಿಗೆ ಬಿಡಬೇಕು? ಎರಡೂ ಕಡೆ ಕಬ್ಬಿಣದ ಕಟಕಟೆ.

ಅಪ್ಪ ನಿಲ್ಲಿಸಲಿಲ್ಲ.

ಇದನ್ನು ನನಗೆ ಹೇಳಿದ್ದು ನಡುಹಗಲಲ್ಲಿ, ಮಾರುಕಟ್ಟೆಯ ಮುಂದಿನ ಕಾಲುದಾರಿಯಲ್ಲಿ ಕೂತು. ನಾನು ಆಗಷ್ಟೇ ಸ್ಕೂಟರ್ ತಗೊಂಡಿದ್ದೆ. ಬೇಡ ಬೇಡ ಅಂದರೂ ಹಿಂದೆ ಕೂರಿಸಿಕೊಂಡು ಹೊರಟೆ. ಹೆಂಗಸೊಬ್ಬಳು ಬುಟ್ಟಿ ಹೊತ್ತು ಅಡ್ಡ ಬಂದಳು, ನಾನು ಬ್ರೇಕ್ ಹಾಕಿದೆ. ಅವಳಿಗೆ ಏನೂ ಆಗಲಿಲ್ಲ. ಅಪ್ಪ ಮಾತ್ರ ಹಿಂದಿನಿಂದ ಧುಮುಕಿ, ದೀಪದ ಕಂಬ ತಬ್ಬಿಕೊಂಡು ಕೂತುಬಿಟ್ಟ. ಅಲ್ಲೇ ಹೇಳಿದ. ನಾನು ತಂದುಕೊಟ್ಟ ಚಹಾ ಆರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು, 'ಅವನಿಗೆ ಹೇಳಬೇಡ. ಅವನಿಗೆ ನಾನು ಬೇರೆ ಅಪ್ಪ' ಅಂದ.

ನಿನಗೆ ಬೇರೆ ಅಪ್ಪ! ನಿನಗೆ ಬಂದೂಕಿನ ಸದ್ದು, ತೊಡೆಯ ಮೇಲಿನ ಕಥೆ. ನನಗೆ ನಿದ್ದೆಯಲ್ಲಿ 'ದಾರಿ ಬಿಡಿ' ಎಂದು ಕೂಗುವ ಅಪ್ಪ. ಮೊದಲು ಅಮ್ಮ ಎಬ್ಬಿಸಿ ನೀರು ಕೊಡುತ್ತಿದ್ದಳು. ಅಮ್ಮ ಹೋದ ಮೇಲೆ ನಾನು. ನೀನು ಪಕ್ಕದಲ್ಲೇ ಕುಂಭಕರ್ಣನ ಹಾಗೆ ಗೊರಕೆ ಹೊಡೆಯುತ್ತಿದ್ದೆ. ಅಂಚೆ ಕಚೇರಿಯಲ್ಲಿ ವ್ಯಾನ್ ಓಡಿಸು ಎಂದು ಕರೆದರೆ 'ಮರೆತುಹೋಗಿದೆ ಸಾರ್' ಅಂದು, ಜೀವನಪೂರ್ತಿ ಮೂಲೆಯಲ್ಲಿ ನಿಂತು ಕಾಗದ ವಿಂಗಡಿಸಿದ. ಅವನು ಎಲ್ಲಿಗೂ ನಡೆದೇ ಹೋಗುತ್ತಿದ್ದದ್ದು ಆರೋಗ್ಯಕ್ಕೆ ಅಂದುಕೊಂಡಿದ್ದೆಯಾ?

ನಿನ್ನ ಕ್ರೇನ್ ನೋಡಿ ಬಂದವನು ಇಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ. ಊಟ ಬೇಡ ಅಂದ. 'ಅವನ ಕೆಳಗೆ ಜನ ಓಡಾಡ್ತಾರೆ ಕಣೇ, ಯಾರಾದ್ರೂ ಅವನಿಗೂ ನಿಲ್ಲಿಸಬೇಡ ಅಂದ್ರೆ?' ಅಂತ ಕೇಳಿದ. ಅದನ್ನು ನೀನು ನಾಚಿಕೆ ಅಂದುಕೊಂಡೆಯಾ? ಇಷ್ಟು ವರ್ಷ? ಒಂದು ಸಲ ಬಾಯಿ ಬಿಟ್ಟು ಕೇಳಲು ನಿನಗೇನು ಧಾಡಿ?

ಈಗ ಆ ಕಲ್ಲಿನ ಮೇಲೆ 'ಸೇತುವೆಯ ಸಿಂಹ' ಎಂದು ಕೆತ್ತುತ್ತಾರಂತೆ. ಯಾವ ಸೇತುವೆಯಿಂದ ಅವನಿಗೆ ಸಾಯುವವರೆಗೂ ಇಳಿದು ಬರಲಾಗಲಿಲ್ಲವೋ, ಅದೇ ಸೇತುವೆಯ ಮೇಲೆ ಅವನನ್ನು ನಮ್ಮ ಬೀದಿಯ ತಿರುವಿನಲ್ಲಿ ನಿಲ್ಲಿಸುತ್ತೀರಿ. ಪ್ರತಿದಿನ ನಾನು ಅದರ ಮುಂದೆಯೇ ಹಾಯ್ದು ಕೆಲಸಕ್ಕೆ ಹೋಗಬೇಕು.

ಬೇಡ ಅನ್ನು. ಅಷ್ಟೇ ಸಾಕು. ಬೇಡ ಅನ್ನು.

ಅಕ್ಕ


ಫೆಬ್ರವರಿ 21

ಉತ್ತರ ಬರಲಿಲ್ಲ.

ಅಂಚೆಯವನನ್ನು ದಿನವೂ ಕೇಳಿ ಅವನಿಗೂ ಬೇಜಾರಾಗಿದೆ, ನನಗೂ. ಬರೆಯಬಾರದಿತ್ತೇನೋ ಎಂದು ಒಂದು ಗಳಿಗೆ ಅನ್ನಿಸುತ್ತದೆ. ಮರುಗಳಿಗೆ, ಇಷ್ಟಾದರೂ ಇವನು ಸುಮ್ಮನಿದ್ದಾನಲ್ಲ ಎಂದು ಮೈ ಉರಿಯುತ್ತದೆ.

ಯಜಮಾನರು ಕೊನೆಗೆ ಒಂದೇ ಕಡೆಗೆ ತಲೆ ಆಡಿಸಿದರು. ನಿನ್ನ ಪುಟ ಅಚ್ಚಾಯಿತು. ತಿರುವಿನಲ್ಲಿ ಕಲ್ಲು ನಿಂತಿದೆ, ಮೇಲೆ ಬಿಳಿ ಬಟ್ಟೆ. ದೂರದಿಂದ ಯಾರೋ ಕಂಬಳಿ ಹೊದ್ದು ಕೂತ ಹಾಗೆ ಕಾಣುತ್ತದೆ. ಅಭಿನಂದನೆಗಳು.


ಮಾರ್ಚ್ 6

ಅಕ್ಕಾ,

ವೇದಿಕೆಯಿಂದ ನಿನ್ನನ್ನು ಕಂಡೆ. ಕೊನೆಯ ಸಾಲಿನ ಕುರ್ಚಿ, ಮಡಿಲಲ್ಲಿ ಚೀಲ. ನಾನು ಮಾತು ಮುಗಿಸುವ ಮೊದಲೇ ನೀನು ಎದ್ದು ಹೋದದ್ದನ್ನೂ ಕಂಡೆ. ಮನೆಯ ಬಾಗಿಲವರೆಗೆ ಬಂದೆ. ತಟ್ಟುವ ಧೈರ್ಯ ಬರಲಿಲ್ಲ, ರೈಲು ಹತ್ತಿದೆ.

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಎಷ್ಟೋ ಸಲ ಕೂತೆ. ಬರೆದು ಬರೆದು ಹರಿದೆ. ಏನು ಬರೆದರೂ ಅದು ಅಪ್ಪನ ಮೇಲಿನ ಬೈಗುಳವಾಗುತ್ತಿತ್ತು, ಇಲ್ಲ ನಿನ್ನ ಮೇಲಿನ ಬೈಗುಳ. ನೀವಿಬ್ಬರೂ ಸೇರಿ ನನ್ನನ್ನು ತೊಡೆಯ ಮೇಲಿನ ಮಗುವಾಗಿಯೇ ಇಟ್ಟುಬಿಟ್ಟಿರಿ.

ಸುಮ್ಮನೆ ನಿಂತು 'ಕಲ್ಲು ಬೇಡ' ಎಂದು ಇಳಿದುಬರಬೇಕು ಎಂದೇ ಬಂದಿದ್ದೆ. ಅಷ್ಟರಲ್ಲಿ ಅಧ್ಯಕ್ಷರು ಮೈಕಿನಲ್ಲಿ ನನ್ನದೇ ಬರಹವನ್ನು ಓದಿದರು. ಶಾಲೆಯ ಮಕ್ಕಳು ಚಪ್ಪಾಳೆ ತಟ್ಟಿದರು. 'ನೀವೂ ಹೀಗೇ ಆಗಬೇಕು' ಎಂದು ಆ ಮಕ್ಕಳಿಗೆ ಹೇಳಿದರಲ್ಲ, ಅಲ್ಲಿ ನನ್ನ ತಲೆ ಕೆಟ್ಟಿತು. ಮೈಕ್ ತೆಗೆದುಕೊಂಡೆ.

'ನಮ್ಮಪ್ಪ ಸೇತುವೆ ಕಾಯಲಿಲ್ಲ. ದಾಟಿದ' ಅಂದೆ. ಯಾರ ಮೇಲೆ ದಾಟಿದ ಅಂತಲೂ ಹೇಳಿದೆ. ನಿದ್ದೆಯಲ್ಲಿ ಕೂಗುತ್ತಿದ್ದದ್ದನ್ನು, ನೀನು ನೀರು ಹಿಡಿದು ನಿಂತದ್ದನ್ನು ಹೇಳಿದೆ. 'ನಿಲ್ಲಿಸಬೇಡ ಅಂದವನು ಯಾರು? ಅವನ ಹೆಸರಿನ ಕಲ್ಲು ಎಲ್ಲಿದೆ, ತೋರಿಸಿ!' ಅಂತ ಕೂಗಿದೆ. ಅಧ್ಯಕ್ಷರು 'ಇಳೀರಿ ಕೆಳಗೆ' ಎಂದು ತೋಳು ಹಿಡಿದು ಎಳೆದರು. ಯಾರೋ 'ಹೆತ್ತಪ್ಪನ ಮಾನ ಕಳೆದೆಯಲ್ಲೋ' ಅಂದರು. ಪರದೆ ಎಳೆಯದೆ ಇಳಿದೆ.

ನೀನೊಬ್ಬಳೇ ಹೊತ್ತಿದ್ದೆ. ನಾನೂ ಒಂದು ಕಡೆ ಕೈ ಕೊಡೋಣ ಅಂದುಕೊಂಡೆ ಅಕ್ಕಾ. ಹೊರಲು ಬರಲಿಲ್ಲ, ಬೀದಿಗೆ ಚೆಲ್ಲಿಬಿಟ್ಟೆ.

ತಮ್ಮ


ಮಾರ್ಚ್ 12

ಚೆಲ್ಲಿಬಿಟ್ಟೆ. ಸರಿಯಾಗಿ ಹೇಳಿದೆ. ಬಾಚುವವರು ಯಾರು?

ಸುಳ್ಳು ಬೇಡ ಅಂದೆ. ನಿಜವನ್ನು ಡಂಗುರ ಹೊಡಿ ಅಂದೆನೇ? ಅದು ಅಪ್ಪ ನನ್ನ ಹತ್ತಿರ ಇಟ್ಟದ್ದು. ಕಂಬ ತಬ್ಬಿಕೊಂಡು ಕೂತು, ಹಲ್ಲು ಕಟಕಟ ಅನ್ನುತ್ತಿರುವಾಗ ನನಗೊಬ್ಬಳಿಗೆ ಹೇಳಿದ್ದು. ನೀನು ಅದನ್ನು ಮೈಕಿನಲ್ಲಿ ಹೇಳಿ, ಚಪ್ಪಾಳೆ ತಟ್ಟುವ ಮಕ್ಕಳ ಕಿವಿಗೆ ಹಾಕಿ, ರೈಲು ಹತ್ತಿದೆ. ನಿನಗೆ ಹಗುರವಾಗಿರಬೇಕು. ಇಲ್ಲಿ ಉಳಿದವಳು ನಾನು.

ಪ್ರೆಸ್ಸಿನಲ್ಲಿ ನಾನು ಒಳಗೆ ಬಂದರೆ ಮಾತು ನಿಲ್ಲುತ್ತದೆ. ತರಕಾರಿ ಅಂಗಡಿಯವನು ಚೀಲ ಕೈಗೆ ಕೊಡುತ್ತಾ, 'ನಿಮ್ಮ ತಂದೆಯವರು ಎಷ್ಟು ಮೆದು ಮನುಷ್ಯ, ಅಂಥವರು ಅಂತ ಗೊತ್ತೇ ಇರಲಿಲ್ಲ' ಅಂದ. ಚೀಲವನ್ನು ಅವನ ತಕ್ಕಡಿಯ ಮೇಲೇ ಸುರಿದು ಬಂದೆ. ಅಪ್ಪನ ಜೊತೆ ಕೆಲಸ ಮಾಡಿದ ಮುದುಕರು ಎದುರಿಗೆ ಬಂದರೆ ರಸ್ತೆ ದಾಟಿ ಆಚೆ ಹೋಗುತ್ತಾರೆ.

ಅಧ್ಯಕ್ಷರು ಮತ್ತೆ ಬಂದಿದ್ದರು. ಈ ಸಲ ದನಿ ಬೆಣ್ಣೆ. "ನೋಡಿಯಮ್ಮಾ, ಹೀಗೆ ಮಾಡೋಣ. ಲಾರಿ ನಿಲ್ಲದೆ ಹೋಗಿದ್ದರಿಂದಲೇ ಮುಂದಿನ ಸಾಲಿನ ನೂರಾರು ಜನ ಉಳಿದ್ರು ಅಂತ ಕೆತ್ತಿಸೋಣ. ಮಾನವೂ ಉಳೀತು, ನಿಜವೂ ಆಯ್ತು."

"ಅಪ್ಪ ಬದುಕಿರೋವರೆಗೆ ಒಂದು ದಿನವೂ ಆ ಮಾತು ಆಡಲಿಲ್ಲ. ಅವನಿಗೇ ಬೇಡವಾದ ಸಮಾಧಾನ ಹೇಳೋಕೆ ನೀವ್ಯಾರು?" ಅಂದೆ. ನನ್ನ ದನಿಗೆ ಯಂತ್ರದವನು ಯಂತ್ರ ನಿಲ್ಲಿಸಿದ. "ಆ ಕಲ್ಲು ತಗೊಂಡು ಹೋಗಿ. ಇಲ್ಲದಿದ್ರೆ ಸುತ್ತಿಗೆ ತರ್ತೀನಿ."

ನಿನ್ನ ಮೇಲಿನ ಸಿಟ್ಟು ಕಡಿಮೆಯಾಯಿತು ಎಂದುಕೊಳ್ಳಬೇಡ. ಬಾಗಿಲವರೆಗೆ ಬಂದು ವಾಪಸು ಹೋದೆ ಅಂದೆಯಲ್ಲ, ಅದನ್ನು ಎಲ್ಲಕ್ಕಿಂತ ಮೊದಲು ಲೆಕ್ಕಕ್ಕೆ ಹಿಡಿದಿದ್ದೇನೆ.


ಮಾರ್ಚ್ 25

ಅಕ್ಕಾ,

ಬೈದದ್ದೆಲ್ಲ ಸರಿ. ಎದುರು ಮಾತಿಲ್ಲ.

ನಿನ್ನೆ ಊಟದ ಬಿಡುವಿನಲ್ಲಿ, ಅಪ್ಪ ಆವತ್ತು ನಿಂತಿದ್ದ ಜಾಗಕ್ಕೆ ಹೋಗಿ ನಿಂತೆ. ಹಳದಿ ಗೆರೆಯ ಆಚೆ. ಇಷ್ಟು ವರ್ಷ ಇಲ್ಲಿ ಕೆಲಸ ಮಾಡಿಯೂ ಅಲ್ಲಿ ನಿಂತು ಮೇಲೆ ನೋಡಿರಲಿಲ್ಲ. ನನ್ನ ಜೊತೆಗಾರ ಕ್ಯಾಬಿನ್ನಿನಲ್ಲಿದ್ದ. ಅಲ್ಲಿಂದ ಅವನ ಮುಖ ಕಾಣುವುದಿಲ್ಲ ಅಕ್ಕಾ. ಗಾಜು ಹೊಳೆಯುತ್ತದೆ ಅಷ್ಟೇ. ಕೊಕ್ಕೆ ಕಾಣುತ್ತದೆ, ತೂಗುವ ಪೆಟ್ಟಿಗೆ ಕಾಣುತ್ತದೆ, ಅದರ ಕೆಳಗೆ ಡಬ್ಬಿ ಹಿಡಿದು ಹೋಗುವವರ ತಲೆಗಳು ಕಾಣುತ್ತವೆ. ನಾನು ಎಷ್ಟು ಮೆತ್ತಗೆ ಇಳಿಸಿದೆ ಎಂಬುದು ಅಪ್ಪನಿಗೆ ಕಾಣುವ ಹಾಗೇ ಇರಲಿಲ್ಲ.

ಮೇಸ್ತ್ರಿ ಬಂದು 'ಏನು, ಮೊದಲ ಸಲ ನೋಡೋನ ಹಾಗೆ ನಿಂತಿದ್ದೀಯ?' ಅಂದ. ಉತ್ತರ ಕೊಡಲು ಹೋಗಿ ಅಷ್ಟು ಜನರ ಮುಂದೆ ಅತ್ತೆ.

ನನಗೆ ಅಪ್ಪನ ಮೇಲೆ ಸಿಟ್ಟು. ಬರೆಯಲು ನಾಚಿಕೆ, ಆದರೂ ಬರೆದಿದ್ದೇನೆ.

ತಮ್ಮ


ಏಪ್ರಿಲ್ 17

ತಮ್ಮನಿಗೆ,

ಕಲ್ಲನ್ನು ಸಂಘದವರು ಕಿತ್ತುಕೊಂಡು ಹೋದರು. ಅಲ್ಲೀಗ ಒಂದು ಗುಂಡಿಯಿದೆ, ಬೀದಿಯ ನಾಯಿ ಅದರಲ್ಲಿ ಮಲಗುತ್ತದೆ.

ನಾನು ಬರೆಯಲು ತಡವಾಯಿತು. ಈಗ ಬರೆಯುತ್ತಿರುವ ಕಾರಣ ಹೇಳುತ್ತೇನೆ.

ಹಿಂದಿನ ಬೀದಿಯಲ್ಲಿ ಗಡಿಯಾರ ರಿಪೇರಿ ಮಾಡುವವರಿದ್ದಾರಲ್ಲ, ಅಪ್ಪನ ಕಾಲದಲ್ಲೇ ಯುದ್ಧಕ್ಕೆ ಹೋಗಿ ಬಂದವರು, ಯಾರ ಜೊತೆಗೂ ಮಾತಿಲ್ಲದವರು, ಅವರ ಹೆಂಡತಿ ಕಳೆದ ವಾರ ಪ್ರೆಸ್ಸಿಗೆ ಬಂದರು. ಹಳೆಯ ಕಾಗದ ಇದ್ದರೆ ಕೊಡಿ, ಕಪಾಟಿಗೆ ಹಾಸಬೇಕು ಅಂದರು. ಕೊಟ್ಟೆ. ಹೋಗಲಿಲ್ಲ. ಕಾಗದದ ಕಟ್ಟಿನ ಮೇಲೆ ಕೂತುಕೊಂಡರು. ಮತ್ತೊಂದು ಚುಚ್ಚುಮಾತು ಬರುತ್ತದೆ ಎಂದು ನಾನು ಸೊಂಟ ಕಟ್ಟಿ ನಿಂತೆ.

"ನಿಮ್ಮಪ್ಪ ನಿದ್ದೇಲಿ ಕೂಗ್ತಿದ್ರು ಅಂತ ನಿಮ್ಮ ತಮ್ಮ ಹೇಳಿದ್ರಲ್ಲ. ನಿಜವೇನಮ್ಮಾ?"

"ನಿಜ. ಅದಕ್ಕೇನೀಗ?"

"ನಮ್ಮನೆಯವರೂ ಕೂಗ್ತಾರೆ. 'ಸುಮ್ಮನಿರು, ಸುಮ್ಮನಿರು' ಅಂತ. ಮದುವೆಯಾದಾಗಿನಿಂದ." ಅವರು ಸೆರಗಿನ ತುದಿಯನ್ನು ಸುತ್ತುತ್ತಾ ಬಿಚ್ಚುತ್ತಾ ಇದ್ದರು. "ನನಗೇ ಅಂತಿದಾರೆ ಅಂದ್ಕೊಂಡಿದ್ದೆ. ಎಚ್ಚರದಲ್ಲಿ ಹೇಳೋಕಾಗದೆ ನಿದ್ದೇಲಿ ಹೇಳ್ತಾರೆ ಅಂತ. ಅದಕ್ಕೇ ಮನೇಲಿ ಮಾತು ಕಮ್ಮಿ ಮಾಡಿದೆ. ಹಾಡ್ಕೊಳ್ತಿದ್ದೆ, ಅದನ್ನೂ ಬಿಟ್ಟೆ. ಮಕ್ಕಳು 'ಅಮ್ಮ ಮೂಗಿ' ಅಂತ ತಮಾಷೆ ಮಾಡ್ತಾರೆ."

ನಾನು ಅವರ ಪಕ್ಕ ಕೂತೆ.

"ಆವತ್ತು ಆ ಭಾಷಣ ಕೇಳಿ ಮನೆಗೆ ಬಂದ ಮೇಲೆ ಧೈರ್ಯ ಮಾಡಿ ಕೇಳಿದೆ. ಯಾರಿಗೆ ಸುಮ್ಮನಿರು ಅಂತೀರಿ ಅಂತ. ಕೈಲಿದ್ದ ಗಡಿಯಾರ ಕೆಳಗಿಟ್ರು. 'ನಿನಗಲ್ಲ' ಅಂದ್ರು."

ಅಷ್ಟೇ. ಮುಂದಕ್ಕೆ ಅವರು ಹೇಳಲೂ ಇಲ್ಲ, ಈಕೆ ಕೇಳಲೂ ಇಲ್ಲ. 'ನಿನಗಲ್ಲ' ಎಂಬ ಒಂದು ಮಾತಿಗೆ ಆ ಹೆಂಗಸು ಮದುವೆಯಾದಾಗಿನಿಂದ ಕಾದಿದ್ದಾರೆ ಕಣೋ. ಅವರು ಅತ್ತರು. ನಾನು ಅಳಲಿಲ್ಲ. ನನಗೆ ಬಂದದ್ದು ಸಿಟ್ಟು. ಅಂಥ ಸಿಟ್ಟು ನನಗೆ ನಿನ್ನ ಮೇಲೂ ಬಂದಿರಲಿಲ್ಲ.

ಮನೆಗೆ ಬಂದವಳು ಚಪ್ಪಲಿ ಬಿಡದೆ ಅಪ್ಪನ ಚಿತ್ರದ ಮುಂದೆ ನಿಂತೆ. 'ಅವನು ನಿನ್ನ ಮಗ. ಕ್ರೇನಿನಿಂದ ಇಳಿದು ನಿನ್ನ ಹಿಂದೆ ಓಡಿ ಬಂದಿದ್ದ. ನಿನ್ನಿಂದಲ್ಲ ಕಣೋ, ನನ್ನ ಭಯದಿಂದ ಹೋಗ್ತಿದ್ದೀನಿ ಅಂತ ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಅವನಿಗೆ ಸುಳ್ಳು ಕೊಟ್ಟೆ, ನನ್ನ ಬಾಯಿಗೆ ಬೀಗ ಕೊಟ್ಟೆ. ಇಬ್ಬರನ್ನೂ ಎರಡು ದಡಕ್ಕೆ ಹಾಕಿ ನೀನು ಹೊರಟೆ!' ಎಂದು ಕೂಗಿದೆ. ಪಕ್ಕದ ಮನೆಯವರು ಕಿಟಕಿ ತೆರೆದರು. ತೆರೆಯಲಿ. ಅವನು ಬದುಕಿದ್ದಾಗ ಎಂದೂ ಅವನಿಗೆ ದನಿ ಎತ್ತಿದವಳಲ್ಲ ನಾನು. ಎತ್ತಿದರೆ ಎಲ್ಲಿ ಒಡೆದುಹೋಗುತ್ತಾನೋ ಎಂಬ ಭಯ. ಈಗ ಇನ್ನೇನು ಒಡೆಯಬೇಕು?

ಬೈದು ಬೈದು ಸುಸ್ತಾಗಿ ಕೂತೆ. ಸಾಕಾಗಲಿಲ್ಲ. ಇನ್ನೂ ಬಹಳ ಇದೆ, ಅದರಲ್ಲಿ ಅರ್ಧ ನಿನ್ನ ಬಾಯಿಂದ ಬರಬೇಕಾದದ್ದು.

ರಜೆ ಹಾಕಿ ಬಾ. ಸಂಘದ ಕೋಣೆಗಲ್ಲ, ಮನೆಗೆ. ಬಾಗಿಲು ತಟ್ಟು, ನಾನು ತೆಗೆಯುವವರೆಗೆ ತಟ್ಟು. ಒಬ್ಬಳೇ ಬೈದರೆ ಅವನಿಗೆ ನಾಟುವುದಿಲ್ಲ. ಇಬ್ಬರೂ ಕೂತು ಬೈಯೋಣ.

ಅಕ್ಕ